ಕಾಸರಗೋಡಿನಲ್ಲಿ ಬಾಡಿಗೆ: ಫರ್ನಿಶ್ಡ್ ಫ್ಲ್ಯಾಟಾ, ಖಾಲಿ ಮನೆಯಾ?

ವಿದ್ಯಾನಗರದ ಕಡೆ ಕೆಲಸಕ್ಕೆ ಬಂದು 11 ತಿಂಗಳ ಕರಾರಿಗೆ ಮನೆ ಹುಡುಕುವವರಿಗೆ ಫರ್ನಿಶ್ಡ್ ಫ್ಲ್ಯಾಟೇ ವಾಸಿ. ಬಾಡಿಗೆ ಜಾಸ್ತಿ ಹೌದು, ಆದರೆ ಮಂಚ, ಫ್ರಿಜ್ ಕೊಂಡು, ಮನೆ ಬಿಡುವಾಗ ಸಿಕ್ಕಿದ ಬೆಲೆಗೆ ಮಾರುವ ರಗಳೆ ಇಲ್ಲ ಅಲ್ವಾ? ನಮ್ಮ ಮಳೆ ಮಾತ್ರ ನೆನಪಿರಲಿ. ಜೂನ್ ಬಂತೆಂದರೆ ಮುಚ್ಚಿಟ್ಟ ಕಪಾಟಿಗೆ ಬೂಷ್ಟು ಹಿಡಿಯುತ್ತದೆ. ಹಾಸಿಗೆ ಎತ್ತಿ ಅಡಿ ನೋಡಿ, ಕಪಾಟಿನೊಳಗೆ ಮೂಗು ತೂರಿಸಿ ಮೂಸಿ, ಸಾಮಾನಿನ ಪಟ್ಟಿಯನ್ನು ಫೋಟೋ ಸಮೇತ ಕರಾರಿಗೆ ಸೇರಿಸಿ, ಇಲ್ಲದಿದ್ದರೆ ಹಳೇ ಗೀರಿಗೂ ಅಡ್ವಾನ್ಸ್‌ನಲ್ಲಿ ದುಡ್ಡು ಮುರಿದುಕೊಳ್ಳುವವರಿದ್ದಾರೆ.

ಮಕ್ಕಳು ಮರಿ ಸಮೇತ ಎರಡು ಮೂರು ವರ್ಷ ಇರುವುದಾದರೆ ಖಾಲಿ ಮನೆಯೇ ಸರಿ. ಸೋಫಾಕ್ಕೆ ಪೆನ್ನಲ್ಲಿ ಗೀಚಿದರೂ ನಮ್ಮದೇ!

ಯಾವುದಾದರೂ ಸರಿ, ಕರೆಂಟ್ ಬಿಲ್ ಎರಡು ತಿಂಗಳಿಗೊಮ್ಮೆ ಬರುವುದು, ಹಿಂದಿನವರು ಉರಿಸಿದ್ದು ನಿಮ್ಮ ತಲೆಗೆ ಬರದ ಹಾಗೆ ಬೀಗದ ಕೈ ಸಿಕ್ಕಿದ ದಿನವೇ ಮೀಟರಿನ ಫೋಟೋ ತೆಗೆದಿಡಿ. ಕಡಲ ಬದಿಯ ಮನೆಯಾದರೆ ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುತ್ತದಾ ಅಂತ ಓನರನ್ನಲ್ಲ, ನೆರೆಮನೆಯವರನ್ನು ಕೇಳಿ.