ಮೂರು ವರ್ಷ ಬಳಸಿದ ಫೀಡ್‌ಬ್ಯಾಕ್ ಆ್ಯಪ್: ಸ್ಟಾರ್ ತೆಗೆಸಿದ ಮೇಲೆ ಪರವಾಗಿಲ್ಲ

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಚಿಕ್ಕ ಮಷೀನ್ ಶಾಪ್, ಅಂದರೆ ಲೋಹದ ಬಿಡಿಭಾಗ ಮಾಡುವ ವರ್ಕ್‌ಶಾಪ್. 46 ಜನ. ಅರ್ಧಕ್ಕಿಂತ ಜಾಸ್ತಿ ಹುಡುಗರು ಶ್ರೀರಂಗಪಟ್ಟಣ, ಪಾಂಡವಪುರ ಕಡೆಯವರು. ಕೆಲಸ ಕಲಿತು ಕೈ ಕುದುರುವ ಹೊತ್ತಿಗೆ ಬೆಂಗಳೂರಿನ ಬಸ್ ಹತ್ತುತ್ತಿದ್ದರು. ಅದಕ್ಕೇ 2022ರಲ್ಲಿ ಈ ಆ್ಯಪ್ ತೆಗೆದುಕೊಂಡೆವು. ತಲೆಗೆ ತಿಂಗಳಿಗೆ 90 ರೂಪಾಯಿ. ಹೆಸರು ಬೇಡ ಬಿಡಿ.

ಅದು ಮಾಡುವುದು ಇಷ್ಟೇ. ಈ ವಾರ ಯಾರ ಹತ್ತಿರ ಮಾತಾಡಿಲ್ಲ ಅಂತ ಪ್ರತಿ ಶುಕ್ರವಾರ ಸೂಪರ್‌ವೈಸರ್ ಫೋನಿಗೆ ನೆನಪಿಸುತ್ತದೆ. ಅವರು ಎರಡು ಸಾಲು ಬರೆದು, ಐದರಲ್ಲಿ ಇಷ್ಟು ಸ್ಟಾರ್ ಅಂತ ಕೊಡಬೇಕು. ಆಪರೇಟರ್ ಉತ್ತರ ಬರೆಯಬಹುದು.

ಕನ್ನಡ ಇದೆ ಅಂದಿದ್ದರು. ಇತ್ತು, ಹೆಸರಿಗೆ. ‘ನಿಮ್ಮ ಪ್ರದರ್ಶನ ಸುಧಾರಿಸಬೇಕು’ ಅಂತ ಬಂದಾಗ ಒಬ್ಬ ಕೇಳಿದ, "ಇದೇನ್ ಸಾರ್, ದಸರಾ ವಸ್ತುಪ್ರದರ್ಶನವಾ?" ಮೂರು ಸಲ ಹೇಳಿದ ಮೇಲೆ ಅದು ‘ಕೆಲಸ’ ಅಂತ ಬದಲಾಯಿತು.

ನಿಜವಾದ ಪೆಟ್ಟು ಬಿದ್ದದ್ದು ರ‍್ಯಾಂಕ್ ಪಟ್ಟಿಯಿಂದ. ತಿಂಗಳ ಕೊನೆಗೆ ಎಲ್ಲರ ಸ್ಟಾರ್ ಕೂಡಿಸಿ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿತ್ತು. ಬೋರಿಂಗ್‌ನಲ್ಲಿ, ಅಂದರೆ ಲೋಹದಲ್ಲಿ ಅಳತೆಗೆ ಸರಿಯಾಗಿ ರಂಧ್ರ ಕೊರೆಯುವುದರಲ್ಲಿ, ನಮ್ಮಲ್ಲೇ ಒಳ್ಳೆಯ ಕೈ ಇದ್ದ ಹುಡುಗ 38ನೇ ಜಾಗದಲ್ಲಿ. ಅವನಿಗೆ ಕೊಟ್ಟಿದ್ದದ್ದು ಹಳೇ ಮಷೀನ್, ರಿಜೆಕ್ಷನ್ ಆಗುವ ಪೀಸ್ ಜಾಸ್ತಿ. "ಹಳೇ ಮಷೀನ್ನೂ ನನ್ ತಲೆಗೇ ಕಟ್ಟಿ, ಸ್ಟಾರೂ ನನಗೇ ಕಮ್ಮಿ ಕೊಟ್ರೆ ಹೆಂಗಣ್ಣ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಹತ್ತು ದಿನಕ್ಕೆ ಕೆಲಸ ಬಿಟ್ಟ. ಆ್ಯಪ್ ತಂದದ್ದೇ ಅಂಥವರನ್ನು ಉಳಿಸಿಕೊಳ್ಳೋಕೆ ಅಲ್ವಾ?

ಆಮೇಲೆ ಓದಿ ನೋಡಿದೆ. ಕ್ಲೂಗರ್ ಮತ್ತು ಡೆನಿಸಿ ಅನ್ನುವ ಸಂಶೋಧಕರು 1996ರಲ್ಲೇ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದ್ದರು. ಸರಾಸರಿಯಲ್ಲಿ ಫೀಡ್‌ಬ್ಯಾಕ್‌ನಿಂದ ಲಾಭವೇ. ಆದರೆ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಕಡೆ ಕೆಲಸ ಇನ್ನೂ ಕೆಟ್ಟಿತ್ತು. ಗಮನ ಕೆಲಸ ಬಿಟ್ಟು ‘ನಾನು ಎಂಥವನು’ ಅನ್ನುವ ಕಡೆ ಹೊರಳಿದಷ್ಟೂ ಫಲ ಕಮ್ಮಿಯಂತೆ. ಆ್ಯಪ್ ಮಾರಲು ಬಂದವರು ಅಡೋಬಿ ಕಂಪನಿ 2012ರಲ್ಲಿ ವರ್ಷಕ್ಕೊಂದು ಅಪ್ರೈಸಲ್ ಬಿಟ್ಟು ಆಗಾಗ ಮಾತಾಡುವ ಪದ್ಧತಿ ತಂದ ಕಥೆ ಹೇಳಿದ್ದರು. ಅಲ್ಲಿ ರೇಟಿಂಗನ್ನೂ ತೆಗೆದುಹಾಕಿದ್ದರು ಅನ್ನುವುದನ್ನು ಮಾತ್ರ ಹೇಳಲಿಲ್ಲ.

ನಾವೂ ಸ್ಟಾರ್, ಪಟ್ಟಿ ಎರಡನ್ನೂ ಆಫ್ ಮಾಡಿಸಿದೆವು. ಮೊದಲು ಮಷೀನ್ ಪಕ್ಕ ನಿಂತು ಮಾತು, ಆಮೇಲೆ ಬರಹ. ಒಂದು ಹೀಗಿತ್ತು: ‘ನಿನ್ನೆ ಸೆಕೆಂಡ್ ಶಿಫ್ಟ್‌ನಲ್ಲಿ ಬೋರ್ ಸೈಜ್ ಇಳೀತಿದ್ದದ್ದನ್ನು ನೀನು ಐದನೇ ಪೀಸ್‌ಗೇ ಹಿಡಿದು ಆಫ್‌ಸೆಟ್ ಕೊಟ್ಟೆ. ಇಲ್ಲದಿದ್ದರೆ ಇಡೀ ಟ್ರೇ ಸ್ಕ್ರ್ಯಾಪ್.’ ಅಂದರೆ ರಂಧ್ರದ ಅಳತೆ ಕಮ್ಮಿಯಾಗುತ್ತಿದ್ದದ್ದನ್ನು ಹುಡುಗ ಬೇಗ ಕಂಡು ಟೂಲ್‌ನ ಸೆಟ್ಟಿಂಗ್ ತಿದ್ದಿದ್ದ. ಅವನು ಆ ಬರಹದ ಸ್ಕ್ರೀನ್‌ಶಾಟ್ ತೆಗೆದು ಮನೆಗೆ ವಾಟ್ಸಾಪ್ ಮಾಡಿದ್ದ.

ನಾನು ಎಣಿಸದೇ ಇದ್ದದ್ದು ಇನ್ನೊಂದು. ಮಷೀನ್ ತಣ್ಣಗಿಡುವ ಕೂಲೆಂಟ್ ದ್ರವದ ಪೈಪ್ ಸೋರುತ್ತಿದೆ ಅಂತ ಒಬ್ಬ ಉತ್ತರದಲ್ಲಿ ಮೂರು ವಾರ ಬರೆದ. ನಾಲ್ಕನೇ ವಾರ ರಿಪೇರಿ ಮಾಡಿಸಿದೆವು. ಅಲ್ಲಿಯವರೆಗೆ ಬರೀ ‘ಓಕೆ’ ಅನ್ನುತ್ತಿದ್ದವರೆಲ್ಲ ಅವತ್ತಿನಿಂದ ಬರೆಯತೊಡಗಿದರು. ಬೈಗುಳವೂ ಬಂತು, ಬರಲಿ.

ಆ್ಯಪ್ ತರುವ ಮೊದಲಿನ ವರ್ಷ 14 ಜನ ಬಿಟ್ಟಿದ್ದರು, ಕಳೆದ ವರ್ಷ 5. ಪೂರ್ತಿ ಆ್ಯಪ್‌ನ ಪುಣ್ಯ ಅಂದರೆ ಸುಳ್ಳಾಗುತ್ತದೆ. ನೈಟ್ ಶಿಫ್ಟ್ ಭತ್ಯೆ ಏರಿಸಿದ್ದೇವೆ, ಶ್ರೀರಂಗಪಟ್ಟಣದಿಂದ ವ್ಯಾನ್ ಬಿಟ್ಟಿದ್ದೇವೆ. ಬಿಟ್ಟು ಹೋದ ಐವರಲ್ಲಿ ಮೂವರು ಸಂಬಳಕ್ಕೇ ಹೋದದ್ದು. ಅಂಥವರನ್ನು ಎಷ್ಟು ಹೊಗಳಿದರೂ ನಿಲ್ಲಲ್ಲ.

ಈಗ ರಿನ್ಯೂವಲ್‌ಗೆ 110 ಕೇಳುತ್ತಿದ್ದಾರೆ. ಜಾಸ್ತಿಯಾಯಿತು. ಆದರೆ ಶುಕ್ರವಾರದ ಆ ನೆನಪೋಲೆ ಇಲ್ಲದಿದ್ದರೆ ನಮ್ಮ ಸೂಪರ್‌ವೈಸರ್‌ಗಳು ಮಾತಾಡುವುದು ರಿಜೆಕ್ಷನ್ ಆದಾಗ ಮಾತ್ರ. ಹಾಗಾಗಿ ಇನ್ನೊಂದು ವರ್ಷ ಕಟ್ಟುತ್ತೇನೆ. ಐದಕ್ಕೆ ಮೂರೂವರೆ. ಇಲ್ಲೂ ಸ್ಟಾರೇ ಕೊಡಬೇಕಂತೆ, ಏನ್ ಮಾಡೋಣ.