ಸೆಕೆಂಡ್ ಹ್ಯಾಂಡ್ ಸೀ ಕಯಾಕ್ ತಗೊಳ್ಳುವವರು ದಯವಿಟ್ಟು ಓದಿ, ನಾನು 68,000 ಕೊಟ್ಟು ಮೋಸ ಹೋದೆ

"ಸರ್, ನೀವು ಅದನ್ನ ಸಮುದ್ರಕ್ಕೆ ಯಾಕೆ ತಗೊಂಡು ಹೋದ್ರಿ?"

ನನಗೆ ಸೀ ಕಯಾಕ್ (ಸಮುದ್ರದಲ್ಲಿ ಹುಟ್ಟು ಹಾಕಿ ಓಡಿಸುವ ಕಿರಿದಾದ ಸಣ್ಣ ದೋಣಿ) ಮಾರಿದ ಮನುಷ್ಯ ಕೇಳಿದ ಪ್ರಶ್ನೆ ಇದು. ಜಾಹೀರಾತಿನಲ್ಲಿ ಅವನೇ ಬರೆದಿದ್ದ: "ಸೀ ಕಯಾಕ್, 16 ಅಡಿ, ಫೈಬರ್, ಸೂಪರ್ ಕಂಡೀಷನ್." ಸಮುದ್ರದ ಕಯಾಕ್ ಅಂತ ದುಡ್ಡು ಎಣಿಸಿಕೊಂಡು, ಆಮೇಲೆ ಸಮುದ್ರಕ್ಕೆ ಯಾಕೆ ಹೋದ್ರಿ ಅಂತ ನನ್ನನ್ನೇ ಕೇಳುತ್ತಾನೆ. ಮೂರು ವಾರ ಆಯಿತು, ಆ ಮೆಸೇಜ್ ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ.

ಹೆಸರು ಹಾಕುತ್ತಿಲ್ಲ. ವಕೀಲಿ ಮಾಡುವ ಸ್ನೇಹಿತರೊಬ್ಬರು ಬೇಡ ಅಂದರು. ಆದರೆ ಏನು ನಡೆಯಿತು ಅನ್ನುವುದನ್ನು ಪೂರ್ತಿ ಹೇಳುತ್ತೇನೆ.

ನಾಲ್ಕು ವರ್ಷದಿಂದ ನಾನು ಕಯಾಕ್ ಓಡಿಸುತ್ತಿದ್ದೇನೆ. ಸಾಲಿಗ್ರಾಮದ ಹತ್ತಿರ ಸೀತಾ ನದಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ, ಬಾಡಿಗೆಯ ಪ್ಲಾಸ್ಟಿಕ್ ಕಯಾಕ್‌ನಲ್ಲಿ ಶುರು ಮಾಡಿದ್ದು. ಮೇಲೆ ಕೂತು ಓಡಿಸುವ ಅಗಲದ್ದು, ನಿಮಗೆ ಗೊತ್ತಲ್ವಾ. ಬೆಳಿಗ್ಗೆ ಬೇರುಗಳ ನಡುವೆ ಹುಟ್ಟು ಹಾಕಿಕೊಂಡು ಹೋದರೆ ಒಂದು ವಾರದ ಸುಸ್ತು ಇಳಿದು ಹೋಗುತ್ತದೆ. ಆಮೇಲೆ ಸಮುದ್ರದ ಆಸೆ ಹುಟ್ಟಿತು. ಕೋಡಿ ಬೆಂಗ್ರೆಯಿಂದ ದಡ ಹಿಡಿದು ಮಲ್ಪೆವರೆಗೆ ಒಮ್ಮೆ ಹೋಗಬೇಕು ಅಂತ. ಅದಕ್ಕೆ ಉದ್ದನೆಯ, ಕಿರಿದಾದ, ಒಳಗೆ ಕಾಲು ಚಾಚಿ ಕೂರುವ ಸೀ ಕಯಾಕ್ ಬೇಕು. ಹೊಸದು ನನ್ನ ಸಂಬಳಕ್ಕೆ ಎಟುಕುವುದಿಲ್ಲ. ಸೆಕೆಂಡ್ ಹ್ಯಾಂಡ್ ಸಿಗುವುದೇ ಅಪರೂಪ. ಹಾಗಾಗಿ ಈ ಜಾಹೀರಾತು ಕಂಡ ತಕ್ಷಣ ಬುದ್ಧಿ ಓಡಲಿಲ್ಲ, ಬೇರೆ ಯಾರಾದರೂ ಎತ್ತಿಕೊಂಡು ಹೋಗುತ್ತಾರೆ ಅನ್ನುವ ಹೆದರಿಕೆ ಒಂದೇ ಇತ್ತು. ಅವನಿಗೂ ಅದು ಗೊತ್ತಾಗಿತ್ತು. "ಇನ್ನಿಬ್ಬರು ಕೇಳ್ತಿದಾರೆ ಸರ್." ಅವತ್ತೇ 10,000 ಟೋಕನ್ ಹಾಕಿಬಿಟ್ಟೆ.

ಹದಿನಾಲ್ಕು ಫೋಟೋ ಕಳಿಸಿದ್ದ. ಮೂತಿ, ಸೀಟು, ಹಗ್ಗ, ಹುಟ್ಟು, ಎಲ್ಲಾ ಇತ್ತು. ಹಿಂಬದಿಯ ತಳದ್ದು ಒಂದೂ ಇರಲಿಲ್ಲ. ಇದು ನನಗೆ ಹೊಳೆದದ್ದು ಎಲ್ಲಾ ಮುಗಿದ ಮೇಲೆ.

ನೋಡಲು ಹೋದೆ. ಹಿನ್ನೀರಿನ ದಡದಲ್ಲಿ ರೆಡಿ ಮಾಡಿ ಇಟ್ಟಿದ್ದ. ತಳಕ್ಕೆ ಹೊಸ ಬಿಳಿ ಪೇಂಟ್. "ನಿಮಗೋಸ್ಕರ ಹೊಡಿಸಿದೆ ಸರ್" ಅಂದ. ಓಡಿಸಿ ನೋಡಿ ಅಂದ. ಕಾಲು ಗಂಟೆ ಓಡಿಸಿದೆ. ಕನ್ನಡಿ ಥರ ನೀರು, ಗಾಳಿ ಇಲ್ಲ, ಬಾಣದ ಹಾಗೆ ಹೋಯಿತು.

ಈಗ ಹೇಳುವುದನ್ನು ಗಮನ ಇಟ್ಟು ಓದಿ. ಸೀ ಕಯಾಕ್‌ನಲ್ಲಿ ಸೀಟಿನ ಹಿಂದೆ ಒಂದು ಗೋಡೆ, ಮುಂದೆ ಒಂದು ಗೋಡೆ ಇರುತ್ತದೆ, ಬಲ್ಕ್‌ಹೆಡ್. ಅದರಾಚೆ ಎರಡು ಬಂದ್ ಡಬ್ಬಿ ಇದ್ದ ಹಾಗೆ. ಮಗುಚಿ ಸೀಟಿನ ಜಾಗದಲ್ಲಿ ನೀರು ತುಂಬಿದರೂ ಆ ಎರಡು ಡಬ್ಬಿಯ ಗಾಳಿ ಕಯಾಕನ್ನು ತೇಲಿಸುತ್ತದೆ. ನಮ್ಮ ಜೀವ ಇರುವುದೇ ಆ ಡಬ್ಬಿಯಲ್ಲಿ. ನನಗೆ ಇದು ಗೊತ್ತಿತ್ತು. ಗೊತ್ತಿದ್ದೇ ಹಿಂದಿನ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದೆ.

"ಬೇಡ ಸರ್, ಅದರ ರಬ್ಬರ್‌ಗೆ ನಿನ್ನೆ ತಾನೇ ಸಿಲಿಕಾನ್ ಹಾಕಿದೀನಿ. ಒಣಗಬೇಕು. ಈಗ ತೆಗೆದ್ರೆ ಹಾಳಾಗುತ್ತೆ."

ನಾನು ಕೈ ಹಿಂದಕ್ಕೆ ತಗೊಂಡೆ.

ಅಷ್ಟೇ. ಅಲ್ಲೇ ಮೋಸ ಹೋದದ್ದು. ಮುಚ್ಚಳ ತೆಗೆದು ಒಳಗೆ ಕೈಯಾಡಿಸಿದ್ದರೆ ಆ ಕಾಲು ಗಂಟೆಯಲ್ಲಿ ಬಂದ ನೀರು ಬೆರಳಿಗೆ ಸಿಗುತ್ತಿತ್ತು. ದುಡ್ಡು ನನ್ನದು, ಮುಚ್ಚಳ ತೆಗೆಯಬೇಡ ಅಂತ ಹೇಳಲು ಅವನು ಯಾರು? ಆದರೂ ಕೈ ತೆಗೆದೆ. ಉಳಿದ 58,000 ಅಲ್ಲೇ ಗೂಗಲ್ ಪೇ ಮಾಡಿದೆ. ಟೆಂಪೋಗೆ 7,000 ಬೇರೆ.

ಡಿಸೆಂಬರ್‌ನ ಒಂದು ಬೆಳಿಗ್ಗೆ ಕೋಡಿ ಬೆಂಗ್ರೆಯಲ್ಲಿ ಇಳಿಸಿದೆ. ಜೊತೆಗೆ ಸ್ನೇಹಿತ ಅವನ ಪ್ಲಾಸ್ಟಿಕ್ ಕಯಾಕ್‌ನಲ್ಲಿ. ಇಬ್ಬರಿಗೂ ಲೈಫ್ ಜಾಕೆಟ್ ಇತ್ತು, ಪುಣ್ಯ. ಅಲ್ಲಿ ಸ್ವರ್ಣಾ, ಸೀತಾ ಎರಡೂ ನದಿಗಳು ಸಮುದ್ರ ಸೇರುತ್ತವೆ. ಇಳಿತ ಶುರುವಾಗುವ ಮುಂಚೆ ಅಳಿವೆ ಬಾಗಿಲು ದಾಟಬೇಕು ಅಂತ ಲೆಕ್ಕ ಹಾಕಿದ್ದೆ. ಇಳಿತದಲ್ಲಿ ನದಿಯ ನೀರು ಹೊರಗೆ ನುಗ್ಗುತ್ತದೆ, ಸಮುದ್ರದ ಅಲೆ ಒಳಗೆ ಬರುತ್ತದೆ. ಎರಡೂ ಡಿಕ್ಕಿ ಹೊಡೆದಲ್ಲಿ ಅಲೆ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ.

ಆದರೆ ಕಯಾಕ್ ಮುಂದೆ ಹೋಗುತ್ತಲೇ ಇಲ್ಲ. ಹಿಂದೆ ಯಾರೋ ಹಿಡಿದು ಎಳೆದ ಹಾಗೆ. ಮೂತಿ ಮೇಲೆದ್ದು ಗಾಳಿ ತಳ್ಳಿದ ಕಡೆಗೆ ತಿರುಗುತ್ತಿದೆ. ನಾನು ನನ್ನನ್ನೇ ಬೈದುಕೊಂಡೆ. ಹೊಸ ಕಯಾಕ್, ನನಗೇ ಸರಿಯಾಗಿ ಬರುತ್ತಿಲ್ಲ ಅಂದುಕೊಂಡೆ. ಅಳಿವೆ ತಲುಪುವ ಹೊತ್ತಿಗೆ ಇಳಿತ ಶುರುವಾಗಿತ್ತು. ಮೂರನೇ ಅಲೆಗೆ ಮಗುಚಿತು.

ನೀರು ಒಳಗೆ ಬರದಂತೆ ಸೊಂಟದ ಸುತ್ತ ಸೀಟಿನ ಬಾಯಿ ಮುಚ್ಚುವ ಸ್ಕರ್ಟ್ ಕಿತ್ತು ಹೊರಗೆ ಬಂದೆ. ಅದರ ಅಭ್ಯಾಸ ಇತ್ತು. ತಲೆ ಎತ್ತಿ ನೋಡಿದರೆ ಕಯಾಕ್ ಅಡ್ಡಡ್ಡ ತೇಲುತ್ತಿಲ್ಲ. ಹಿಂಭಾಗ ಪೂರ್ತಿ ಮುಳುಗಿ, ಮೂತಿ ಮಾತ್ರ ಆಕಾಶ ನೋಡಿಕೊಂಡು ಕಂಬದ ಹಾಗೆ ನಿಂತಿದೆ. ಇದಕ್ಕೆ ಕಯಾಕ್‌ನವರು ಕ್ಲಿಯೋಪಾತ್ರಾಸ್ ನೀಡಲ್ ಅಂತಾರೆ. ಓದಿದ್ದೆ, ನೋಡಿರಲಿಲ್ಲ. ಹಾಗೆ ನಿಂತ ಕಯಾಕ್‌ಗೆ ಮತ್ತೆ ಹತ್ತುವ ಹಾಗಿಲ್ಲ. ಸ್ನೇಹಿತ ಅದರ ಮೂತಿ ಎಳೆದು ನೀರು ಬಸಿಯಲು ನೋಡಿದ, ಅವನೂ ಮಗುಚುವಂತಾಯಿತು. ಇಳಿತ ಹೊರಕ್ಕೆ ಎಳೆಯುತ್ತಿದೆ, ಬೆಳಗಿನ ಗಾಳಿಯೂ ದಡದಿಂದ ಹೊರಕ್ಕೆ.

ನಾಡದೋಣಿಯ ಮೂವರು ಮೀನುಗಾರರು ನೋಡಿ ಬಂದು ಎತ್ತಿಕೊಂಡರು. ಕಯಾಕ್‌ಗೆ ಹಗ್ಗ ಕಟ್ಟಿ ದಡಕ್ಕೆ ಎಳೆದು ತಂದರು. ಡೀಸೆಲ್‌ಗೆ ಅಂತ ಕೊಟ್ಟ ದುಡ್ಡನ್ನೂ ಮುಟ್ಟಲಿಲ್ಲ. ಅವರಲ್ಲಿ ಹಿರಿಯರೊಬ್ಬರು ಕಯಾಕ್ ಸವರಿ ಕೇಳಿದರು, "ಇದಕ್ಕೆ ಎಷ್ಟು ಕೊಟ್ರಿ?" ನಾನು ಮೂವತ್ತು ಸಾವಿರ ಅಂದೆ. ನಿಜ ಹೇಳಲು ಬಾಯಿ ಬರಲಿಲ್ಲ. ಜೀವ ಉಳಿಸಿದವರ ಮುಂದೆ ಸುಳ್ಳು ಹೇಳಿದೆ.

ಹಿಂದಿನ ಡಬ್ಬಿಯಿಂದ ಹತ್ತು ಲೀಟರಿನ ಬಕೆಟ್‌ನಲ್ಲಿ ಏಳು ಬಕೆಟ್ ನೀರು ತೆಗೆದೆವು.

ಮಾರನೇ ದಿನ ಫೈಬರ್ ದೋಣಿ ರಿಪೇರಿ ಮಾಡುವವರೊಬ್ಬರಿಗೆ ತೋರಿಸಿದೆ. ಅವರು ಶೆಡ್ಡಿನ ಬಾಗಿಲು ಹಾಕಿ ಕತ್ತಲೆ ಮಾಡಿ, ಡಬ್ಬಿಯೊಳಗೆ ಟಾರ್ಚ್ ಇಟ್ಟರು. ಫೈಬರ್‌ನಲ್ಲಿ ಬೆಳಕು ಮಂದವಾಗಿ ಹೊರಗೆ ಬರುತ್ತದೆ. ಎಲ್ಲಾ ಕಡೆ ಜೇನಿನ ಬಣ್ಣ. ತಳದಲ್ಲಿ ಒಂದು ಕಡೆ ಮಾತ್ರ ಅಂಗೈ ಅಗಲದ ಕಪ್ಪು. ಚಾಕುವಿನಿಂದ ಕೆರೆದರು. ಪೇಂಟಿನ ಕೆಳಗಿಂದ ಒಣಗಿದ ಚಪಾತಿ ಹಿಟ್ಟಿನ ಹಾಗೆ ಪುಟ್ಟಿ ಉದುರಿತು. ಅದರ ಕೆಳಗೆ ನನ್ನ ಗೇಣಿಗಿಂತ ಉದ್ದದ ಬಿರುಕು. ಒಳಗಿಂದ ಫೈಬರ್ ಮ್ಯಾಟ್ ಇಟ್ಟು ರೆಸಿನ್ (ಗಟ್ಟಿಯಾಗುವ ಅಂಟು) ಹಾಕಿಲ್ಲ, ಏನೂ ಇಲ್ಲ. ಬರೀ ಪುಟ್ಟಿ, ಅದರ ಮೇಲೆ ಪೇಂಟ್. "ಗೊತ್ತಿದ್ದೇ ಮುಚ್ಚಿದ್ದು ಇದು" ಅಂದರು. ನಿನ್ನೆ ತಾನೇ ಸಿಲಿಕಾನ್ ಹಾಕಿದೀನಿ ಅಂದದ್ದು ಆಗ ಕಿವಿಯಲ್ಲಿ ಕೇಳಿಸಿತು.

ಫೋಟೋ, ವಿಡಿಯೋ ಎಲ್ಲಾ ಕಳಿಸಿದೆ. ಅವನ ಉತ್ತರಗಳು, ಒಂದೊಂದಾಗಿ:

"ಟ್ರಾನ್ಸ್‌ಪೋರ್ಟ್‌ನಲ್ಲಿ ಆಗಿರಬೇಕು ಸರ್."

ಟೆಂಪೋದಲ್ಲಿ ಬಿರುಕು ಬಿಟ್ಟು, ಅದೇ ಪುಟ್ಟಿ ಹಾಕಿಕೊಂಡು, ಅದೇ ಪೇಂಟ್ ಹೊಡೆದುಕೊಂಡಿತೇ? ಅಂತ ಕೇಳಿದೆ.

"ಬಲ್ಕ್‌ಹೆಡ್‌ನಲ್ಲಿ ಏರ್ ಪ್ರೆಶರ್‌ಗೆ ಪಿನ್ ಹೋಲ್ ಇರುತ್ತೆ, ಅದರಿಂದ ನೀರು ಬಂದಿದೆ. ಎಲ್ಲಾ ಕಯಾಕ್‌ನಲ್ಲೂ ಇರುತ್ತೆ."

ಹೌದು, ಎಷ್ಟೋ ಕಯಾಕ್‌ಗಳಲ್ಲಿ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿದರೆ ಹೋಗಲಿ ಅಂತ ಸೂಜಿ ತೂತು ಇಟ್ಟಿರುತ್ತಾರೆ. ಅದರಿಂದ ತೊಟ್ಟು ತೊಟ್ಟು ನೀರು ಬರಬಹುದು. ಏಳು ಬಕೆಟ್ ಬರಲ್ಲ.

"ಯೂಸ್ಡ್ ಐಟಂ ಸರ್, ನೀವೇ ಓಡಿಸಿ ನೋಡಿ ತಗೊಂಡಿದ್ದು."

ಆಮೇಲೆ ಆ ಮೆಸೇಜ್. ಸಮುದ್ರಕ್ಕೆ ಯಾಕೆ ತಗೊಂಡು ಹೋದ್ರಿ. ನಾನು ಏನೇನೋ ಉದ್ದಕ್ಕೆ ಬರೆದೆ, ನಾನು ಸತ್ತಿದ್ದರೆ ಅಂತಲೂ ಬರೆದೆ. ನೀಲಿ ಟಿಕ್ ಬಂತು. ಉತ್ತರ ಇಲ್ಲ. ಸಂಜೆ ಬ್ಲಾಕ್.

ದುಡ್ಡು ವಾಪಸ್ ಬರುವ ಆಸೆ ನನಗಿಲ್ಲ. ಬಿಲ್ ಇಲ್ಲ, ಬರೆದುಕೊಟ್ಟದ್ದು ಇಲ್ಲ. ಇಂಥ ವ್ಯವಹಾರ ಹೇಗೆ ನಡೆಯುತ್ತದೆ ಅಂತ ನಿಮಗೂ ಗೊತ್ತು. ಹುಟ್ಟೊಂದು ಸಮುದ್ರದಲ್ಲಿ ಹೋಯಿತು. ರಿಪೇರಿಗೆ ಈಗ ಇನ್ನೂ 9,000 ಆಗುತ್ತದೆ.

ಹಳೆಯ ಕಯಾಕ್ ನೋಡಲು ಹೋದರೆ ಎರಡೂ ಮುಚ್ಚಳ ತೆಗೆಸಿ. ತೆಗೆಯಬೇಡಿ ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ, ಟೋಕನ್ ಹೋದರೆ ಹೋಗಲಿ. ಡಬ್ಬಿಯೊಳಗೆ ಒಂದು ಬಕೆಟ್ ನೀರು ಸುರಿದು, ಆ ಕಡೆ ಈ ಕಡೆ ವಾಲಿಸಿ, ಸೀಟಿನ ಕಡೆಗೋ ತಳಕ್ಕೋ ಸೋರುತ್ತದಾ ನೋಡಿ. ಫೈಬರ್ ಆದರೆ ಕತ್ತಲಲ್ಲಿ ಟಾರ್ಚ್ ಇಟ್ಟು ನೋಡಿ. ಹೊಸ ಪೇಂಟ್ ಇದ್ದರಂತೂ ಬಿಡಲೇಬೇಡಿ.

ಮೊನ್ನೆ ಅದೇ ಮನುಷ್ಯ ಇನ್ನೊಂದು ಜಾಹೀರಾತು ಹಾಕಿದ್ದಾನೆ. ನೀಲಿ ಬಣ್ಣದ ಸೀ ಕಯಾಕ್, ಸೂಪರ್ ಕಂಡೀಷನ್, ಹೊಸ ಪೇಂಟ್. ಫೋಟೋ ಎಲ್ಲಾ ನೋಡಿದೆ, ಹಿಂಬದಿಯ ತಳದ್ದು ಇದರಲ್ಲೂ ಒಂದೂ ಇಲ್ಲ. ನೋಡಲು ಹೋಗುವವರು ಯಾರಾದರೂ ಇದ್ದರೆ ಮೊದಲು ನನಗೆ ಹೇಳಿ. ಟಾರ್ಚ್, ಬಕೆಟ್ ತಗೊಂಡು ನಾನೂ ಬರುತ್ತೇನೆ.