ಹರ್ನಿಯಾ ಶಸ್ತ್ರಚಿಕಿತ್ಸೆ: ಬೆನ್ನಿನ ಅರಿವಳಿಕೆಯೋ, ಪೂರ್ಣ ಅರಿವಳಿಕೆಯೋ?

ತೊಡೆಸಂದಿನ ಹರ್ನಿಯಾಕ್ಕೆ ಶಸ್ತ್ರಚಿಕಿತ್ಸೆ ನಿಗದಿಯಾಗಿರುವ ನಿಮ್ಮ ತಂದೆಯವರಿಗೆ ಬೆನ್ನಿಗೆ ಚುಚ್ಚುವ ಅರಿವಳಿಕೆ ಒಳ್ಳೆಯದೋ, ಪೂರ್ಣ ಅರಿವಳಿಕೆಯೋ ಎಂದು ಕೇಳಿದ್ದೀರಿ. ಇದನ್ನು ಮೊದಲು ತೀರ್ಮಾನಿಸುವುದು ಶಸ್ತ್ರಚಿಕಿತ್ಸೆಯ ವಿಧಾನವೇ: ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೋಸ್ಕೋಪಿಯಾದರೆ ಹೊಟ್ಟೆಯೊಳಗೆ ಅನಿಲ ತುಂಬಬೇಕಾಗುವುದರಿಂದ ಸಾಮಾನ್ಯವಾಗಿ ಪೂರ್ಣ ಅರಿವಳಿಕೆಯನ್ನೇ ಆರಿಸುತ್ತಾರೆ, ತೆರೆದ ವಿಧಾನದಲ್ಲಿ ಎರಡಕ್ಕೂ ಅವಕಾಶವಿದೆ.

ಬೆನ್ನಿನ ಕೆಳಭಾಗದಲ್ಲಿ ಬ್ಯುಪಿವಕೇನ್ ಎಂಬ ಮರಗಟ್ಟಿಸುವ ಔಷಧ ಚುಚ್ಚಿದರೆ ಕೆಲವೇ ನಿಮಿಷಗಳಲ್ಲಿ ಹೊಟ್ಟೆಯ ಕೆಳಭಾಗ ಮತ್ತು ಕಾಲುಗಳು ಮರಗಟ್ಟಿ, ಸುಮಾರು 2ರಿಂದ 3 ಗಂಟೆ ಹಾಗೆಯೇ ಇರುತ್ತವೆ. ಉಸಿರಾಟಕ್ಕೆ ಕೊಳವೆ ಬೇಡವಾದ್ದರಿಂದ ದೀರ್ಘಕಾಲದ ಶ್ವಾಸಕೋಶದ ತೊಂದರೆಯಿರುವವರಿಗೆ ಇದು ಹೆಚ್ಚಾಗಿ ಒಪ್ಪುತ್ತದೆ. ಖರ್ಚೂ ಸಾಮಾನ್ಯವಾಗಿ ಕಡಿಮೆ. ಆದರೆ ರಕ್ತದೊತ್ತಡ ಇಳಿಯಬಹುದು, ಆಮೇಲೆ ತಲೆನೋವು ಬರಬಹುದು. ಪ್ರಾಸ್ಟೇಟ್ ಹಿಗ್ಗಿರುವ ವಯಸ್ಸಾದ ಗಂಡಸರಲ್ಲಿ ಮೂತ್ರ ಕಟ್ಟಿಕೊಳ್ಳುವುದನ್ನು, ನನ್ನ ದೃಷ್ಟಿಯಲ್ಲಿ, ಮನೆಯವರು ಮೊದಲೇ ವಿಚಾರಿಸಿಕೊಳ್ಳಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್‌ನಂತಹ ಮಾತ್ರೆ ನಡೆಯುತ್ತಿದ್ದರೆ ಬೆನ್ನುಹುರಿಯ ಬಳಿ ರಕ್ತಸ್ರಾವವಾಗುವ ಅಪಾಯವಿರುವುದರಿಂದ ಪೂರ್ಣ ಅರಿವಳಿಕೆಯ ಕಡೆಗೆ ವಾಲಬೇಕಾಗಬಹುದು. ವೈದ್ಯರನ್ನು ಕೇಳದೆ ಮಾತ್ರೆಯನ್ನು ನಿಲ್ಲಿಸಬಾರದು.

ಪೂರ್ಣ ಅರಿವಳಿಕೆಯಲ್ಲಿ ಪ್ರೊಪೊಫಾಲ್ ಎಂಬ ಪ್ರಜ್ಞೆ ತಪ್ಪಿಸುವ ಔಷಧ ಕೊಟ್ಟು ಮಲಗಿಸಿದಾಗ ರೋಗಿಗೆ ಏನೂ ತಿಳಿಯದು, ಗಾಬರಿಯ ಸ್ವಭಾವದವರಿಗೆ ಅದೇ ನೆಮ್ಮದಿ. ಎಚ್ಚರವಾದ ಮೇಲೆ ವಾಕರಿಕೆ, ಗಂಟಲು ನೋವು ಕಾಣಿಸಬಹುದು.

ಉಪವಾಸದಲ್ಲಿ ಮಾತ್ರ ವ್ಯತ್ಯಾಸವಿಲ್ಲ: ಲಘು ಆಹಾರಕ್ಕೆ ಕನಿಷ್ಠ 6 ಗಂಟೆ, ನೀರಿಗೆ 2 ಗಂಟೆ, ಹಾಲು ಬೆರೆಸಿದ ಕಾಫಿ ಆಹಾರದ ಲೆಕ್ಕಕ್ಕೇ ಸೇರುತ್ತದೆ.